ಮಡಚುವ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ



ಲಸಿಕೆ ಕಾರ್ಯಕ್ರಮಕ್ಕೆಂದು ಹಳ್ಳಿಗಳಿಗೆ ಬಂದಾಗ ದನಕರುಗಳ ವಿಚಾರ ಮುಗಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆ ಎದುರಾಗುತ್ತಿದೆ. "ಮಗಳು ಡಿಗ್ರಿಗೆ ಸೇರಿದ್ದಾಳೆ ಸಾರ್, ಹಿಂದಕ್ಕೆ ಮಡಚೋ ಲ್ಯಾಪ್‌ಟಾಪೇ ಬೇಕಂತಾಳೆ. ಯಾವುದು ತಗೊಳ್ಳೋಣ?" ಪಶುವೈದ್ಯರನ್ನು ಕೇಳುವ ಪ್ರಶ್ನೆ ಇದಲ್ಲವೆನ್ನಬಹುದು. ಆದರೆ ಕೊಡುವ ಹಣ ಹಾಲಿನ ಹಣವಾದ್ದರಿಂದ ಈ ಬಗ್ಗೆ ನಾಲ್ಕು ಮಾತು ತಿಳಿಸುವುದು ಸೂಕ್ತವೆನಿಸಿದೆ.

ಮೊದಲು ಹಣದ ಲೆಕ್ಕ ನೋಡೋಣ. ದಿನಕ್ಕೆ 10 ಲೀಟರ್ ಹಾಲು ಹಾಕುವ ಮನೆ ಎಂದಿಟ್ಟುಕೊಳ್ಳಿ. ಲೀಟರಿಗೆ 35 ರೂ. ಹಿಡಿದರೂ ತಿಂಗಳಿಗೆ 10,500 ರೂ. ಬಟವಾಡೆ. ಅದರಲ್ಲಿ ಅರ್ಧ ಹಿಂಡಿ, ಬೂಸಾ, ಔಷಧೋಪಚಾರಕ್ಕೆ ಹೋದರೆ ಕೈಯಲ್ಲಿ ಉಳಿಯುವುದು 5,250 ರೂ. ಹೀಗಿರುವಾಗ 45,000 ರೂ. ಬೆಲೆಯ ಯಂತ್ರವೆಂದರೆ ಎಂಟೂವರೆ ತಿಂಗಳ ಉಳಿಕೆ. ಒಂದು ಹಸುವಿನ ಒಂದು ಸೂಲಿನ ಬಹುಭಾಗವೇ ಅದಕ್ಕೆ ಹೋಯಿತು. ಆದ್ದರಿಂದ ಕೋಡಿನ ಚೆಂದ ನೋಡಿ ಹಸು ಕೊಳ್ಳದ ನೀವು ಇಲ್ಲಿಯೂ ಹೊರಗಿನ ಚೆಂದಕ್ಕೆ ಮರುಳಾಗಬಾರದು.

ಮಡಚುವ ಲ್ಯಾಪ್‌ಟಾಪ್ ಅಂದರೆ ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಕೀಬೋರ್ಡಿನ ಬೆನ್ನಿಗೆ ತಾಗಿಸಿ, ದೊಡ್ಡ ಮೊಬೈಲಿನಂತೆ ಬೆರಳಿನಿಂದ ಮುಟ್ಟಿ ಬಳಸಬಹುದಾದ ಯಂತ್ರ. 2012ರಲ್ಲಿ ಲೆನೊವೊ ಕಂಪನಿ ಇಂಥದ್ದನ್ನು 'ಯೋಗ' ಎಂಬ ಹೆಸರಿನಲ್ಲಿ ತಂದಿತು. ಬೆನ್ನು ಬಾಗಿಸುವ ಯಂತ್ರಕ್ಕೆ ಹೆಸರೇನೋ ಸರಿಯಾಗಿಯೇ ಇದೆ. ಈಗ ಹಲವು ಕಂಪನಿಗಳು ತಯಾರಿಸುತ್ತವೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ತಿರುಗುವ ಕೀಲಿಗೂ ಮುಟ್ಟುವ ಸ್ಕ್ರೀನಿಗೂ ಕಂಪನಿಗೆ ಹೆಚ್ಚು ಖರ್ಚು ಬೀಳುತ್ತದೆ. ಬೆಲೆ ಕಡಿಮೆ ಇಡಬೇಕಾದರೆ ಆ ಖರ್ಚನ್ನು ಒಳಗಿನ ಭಾಗಗಳಲ್ಲಿ ಉಳಿಸುತ್ತಾರೆ. ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ ಮಡಚುವುದಕ್ಕಿಂತ ಸಾಧಾರಣದ್ದೇ ಹೆಚ್ಚಾಗಿ ಒಳಗೆ ಗಟ್ಟಿಯಾಗಿರುತ್ತದೆ. ಹಾಗಾಗಿ ಮಡಚುವುದರಿಂದ ನಿಮ್ಮ ಮನೆಗೆ ನಿಜವಾಗಿ ಏನು ಪ್ರಯೋಜನ ಎಂದು ಮೊದಲು ಕೇಳಿಕೊಳ್ಳಿ. ಗಣಿತ, ರಸಾಯನಶಾಸ್ತ್ರ, ಚಿತ್ರ ಬಿಡಿಸುವ ವಿಷಯ ಓದುವ ಮಕ್ಕಳು ಪೆನ್ನಿನಿಂದ ನೇರ ಸ್ಕ್ರೀನಿನ ಮೇಲೆ ಬರೆಯಬಹುದು, ಇದು ದೊಡ್ಡ ಅನುಕೂಲ. ಮೇಜಿಲ್ಲದ ಮನೆಯಲ್ಲಿ ಗುಡಾರದಂತೆ ನಿಲ್ಲಿಸಿ ಪಾಠ ಕೇಳಬಹುದು. ಆದರೆ ವಾಣಿಜ್ಯ ಓದುವವರು, ಟೈಪಿಂಗ್ ಕೆಲಸದವರು, ಸಂಘದ ಲೆಕ್ಕ ಬರೆಯುವ ಕಾರ್ಯದರ್ಶಿಗಳು ಸಾಧಾರಣ ಲ್ಯಾಪ್‌ಟಾಪನ್ನೇ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಕೈಯಲ್ಲಿ ಹಿಡಿದು ಓದುತ್ತೇವೆ ಎನ್ನುವವರು ಅಂಗಡಿಯಲ್ಲಿಯೇ ಹತ್ತು ನಿಮಿಷ ಹಿಡಿದು ನೋಡಲಿ. ಸುಮಾರು ಒಂದೂವರೆ ಕಿಲೋ ತೂಗುವ ಯಂತ್ರ ಅಷ್ಟರಲ್ಲಿ ಕೈ ನೋಯಿಸುತ್ತದೆ.

ಮಡಚುವುದೇ ಬೇಕೆಂದಾದರೆ ಒಳಗಿನದನ್ನು ವಿಚಾರಿಸಿ. ರ್ಯಾಮ್ 8 ಜಿ.ಬಿ.ಗೆ ಕಡಿಮೆ ಇರುವುದನ್ನು ಕೊಳ್ಳಲೇಬೇಡಿ. ಇಂಥ ತೆಳು ಯಂತ್ರಗಳಲ್ಲಿ ರ್ಯಾಮನ್ನು ಬಹುಮಟ್ಟಿಗೆ ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. "ಆಮೇಲೆ ಹೆಚ್ಚಿಸಿಕೊಳ್ಳಬಹುದು" ಎಂಬ ಅಂಗಡಿಯವರ ಮಾತನ್ನು ಆ ಮಾದರಿಯ ವಿವರಪಟ್ಟಿ ನೋಡದೆ ನಂಬಬೇಡಿ. ಕಡತಗಳನ್ನಿಡುವ ಜಾಗ ಎಸ್.ಎಸ್.ಡಿ. ಆಗಿರಬೇಕು, 256 ಜಿ.ಬಿ. ಆದರೂ ಇರಬೇಕು. ಅಗ್ಗದ ಕೆಲವು ಮಾದರಿಗಳಲ್ಲಿ ಇ.ಎಂ.ಎಂ.ಸಿ. ಎಂಬ ನಿಧಾನದ ಚಿಪ್ಪು 64 ಜಿ.ಬಿ. ಮಾತ್ರ ಇರುತ್ತದೆ. ವಿಂಡೋಸ್ ತನ್ನ ಅಪ್‌ಡೇಟ್‌ಗಳಿಂದಲೇ ಅದನ್ನು ತುಂಬಿಬಿಡುತ್ತದೆ, ಮಕ್ಕಳ ಪಾಠಕ್ಕೆ ಜಾಗವೇ ಉಳಿಯುವುದಿಲ್ಲ.

ಕೀಲನ್ನು ಕೈಯಾರೆ ಪರೀಕ್ಷಿಸಬೇಕು. ನಾಲ್ಕೈದು ಸಲ ಪೂರ್ತಿ ಮಡಚಿ ಬಿಡಿಸಿ. ಕಿರುಗುಟ್ಟಬಾರದು, ಒಂದು ಬದಿ ಬಿಗಿ ಇನ್ನೊಂದು ಬದಿ ಸಡಿಲ ಇರಬಾರದು. ನೆಟ್ಟಗೆ ನಿಲ್ಲಿಸಿ ಸ್ಕ್ರೀನನ್ನು ಬೆರಳಿನಿಂದ ಒತ್ತಿದಾಗ ಬಹಳ ಹೊತ್ತು ತೂಗಾಡಬಾರದು. ಪೆನ್ನು ಜೊತೆಗೆ ಬರುತ್ತದೆಯೇ, ಬೇರೆ ಕೊಳ್ಳಬೇಕೇ ಎಂಬುದನ್ನು ಕೇಳಿ. ಮುಟ್ಟುವ ಸ್ಕ್ರೀನುಗಳೆಲ್ಲ ಒಳ್ಳೆಯ ಪೆನ್ನನ್ನು ಒಪ್ಪುವುದಿಲ್ಲ. ಅಂಗೈಯನ್ನು ಸ್ಕ್ರೀನಿನ ಮೇಲೆ ಊರಿ, ನೋಟ್ ಪುಸ್ತಕದಲ್ಲಿ ಬರೆದಂತೆ ಮಗಳಿಂದಲೇ ಎರಡು ಸಾಲು ಬರೆಸಿ ನೋಡಿ. ಈ ಸ್ಕ್ರೀನುಗಳು ಹೆಚ್ಚಾಗಿ ಗಾಜಿನಂತೆ ಹೊಳೆಯುವುದರಿಂದ ಜಗಲಿಯ ಬೆಳಕಿನಲ್ಲಿ ಅಕ್ಷರಕ್ಕಿಂತ ನಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ! ಅಂಗಡಿಯ ಬಾಗಿಲ ಬಳಿ ತಂದು ನೋಡುವುದು ಒಳ್ಳೆಯದು.

ಕಡಿಮೆ ಬೆಲೆಗೆ ಸಿಗುವ ಮಡಚುವ ಯಂತ್ರಗಳಲ್ಲಿ ಕ್ರೋಮ್‌ಬುಕ್‌ಗಳೂ ಇವೆ. ಬರೀ ಇಂಟರ್ನೆಟ್ ಪಾಠಕ್ಕೆ ಅವು ಸಾಕು. ಆದರೆ ನುಡಿ, ಟ್ಯಾಲಿ ಮುಂತಾದ ವಿಂಡೋಸ್ ತಂತ್ರಾಂಶಗಳನ್ನು ಅವುಗಳಲ್ಲಿ ನೇರವಾಗಿ ಹಾಕಲು ಬರುವುದಿಲ್ಲ. ಹಗಲು ಸಂಘದ ಲೆಕ್ಕ, ರಾತ್ರಿ ಮಗನ ಓದು ಎಂದು ಒಂದೇ ಯಂತ್ರ ನೆಚ್ಚಿಕೊಂಡವರಿಗೆ ಇದು ಆಗದು. ಇನ್ನೊಂದು ವಿಷಯ: 2021ರಿಂದೀಚೆಗೆ ಬಂದ ಕ್ರೋಮ್‌ಬುಕ್‌ಗಳಿಗೆ 10 ವರ್ಷ ಅಪ್‌ಡೇಟ್ ಸಿಗುತ್ತದೆ. ಆ ಲೆಕ್ಕ ಆರಂಭವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಬಿಡುಗಡೆಯಾದ ಕಾಲದಿಂದ.

ಬಳಸಿದ ಯಂತ್ರ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಯಂತ್ರವನ್ನೇ ಕೊಳ್ಳಿ. ಇಂಟೆಲ್ ಚಿಪ್ಪಾದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದು ಅಥವಾ ನಂತರದ್ದಾಗಿರಬೇಕು. ಕೀಬೋರ್ಡಿನ ಕೆಳಗಿನ ಟಚ್‌ಪ್ಯಾಡ್ ಮೇಲಕ್ಕುಬ್ಬಿದ್ದರೆ ಒಳಗೆ ಬ್ಯಾಟರಿ ಊದಿರುವ ಸಂಭವವಿದೆ. ಕೆಚ್ಚಲು ಬಾವು ಕಂಡ ಹಸುವನ್ನು ಬಿಟ್ಟು ಬರುವಂತೆ ಅದನ್ನೂ ಬಿಟ್ಟು ಬನ್ನಿ.

ಹೊಸದಾದರೆ ಪೆಟ್ಟಿಗೆಯ ಮೇಲೆ ತಯಾರಾದ ಅಥವಾ ಆಮದಾದ ತಿಂಗಳು, ವರ್ಷ ಮುದ್ರಿಸಿರುತ್ತಾರೆ, ಓದಿ ನೋಡಿ. ಜಿ.ಎಸ್.ಟಿ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಸೇವೆಯ ಕೇಂದ್ರ ಜಿಲ್ಲಾ ಕೇಂದ್ರದಲ್ಲಿಯೇ ಇದೆಯೇ, ಬೆಂಗಳೂರಿಗೆ ಹೋಗಬೇಕೇ ಎಂದು ಕೇಳಿ ತಿಳಿದುಕೊಳ್ಳಿ. ಬಿದ್ದು ಒಡೆದ ಸ್ಕ್ರೀನಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ, ಮುಟ್ಟುವ ಸ್ಕ್ರೀನ್ ಬದಲಿಸುವ ಖರ್ಚೂ ಹೆಚ್ಚು.

ಮನೆಗೆ ತಂದ ಮೇಲೆ ಮೇವು ಕತ್ತರಿಸುವ ಜಾಗದ ಹತ್ತಿರ ಇಡಬೇಡಿ. ಹಿಂದಕ್ಕೆ ಮಡಚಿದಾಗ ಕೀಬೋರ್ಡು ಕೆಳಮುಖವಾಗಿರುತ್ತದೆ, ನೆಲದ ಧೂಳೆಲ್ಲ ಅದಕ್ಕೇ. ಕೆಳಗೊಂದು ಒಣ ಬಟ್ಟೆ ಹಾಸಿಕೊಳ್ಳಿ, ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರನ್ನು ಕಿತ್ತಿಡಿ.