ರುಜುವಿನ ಸಾಕ್ಷ್ಯ

೨೦೧೩ರ ಮಾರ್ಚಿ ತಿಂಗಳಿನಲ್ಲಿ, ಅಮೆರಿಕದ ಹರಾಜೊಂದರಲ್ಲಿ, ಗ್ರಾಮಫೋನು ತಟ್ಟೆಯ ರಟ್ಟಿನ ಹೊದಿಕೆಯೊಂದು ೨,೯೦,೫೦೦ ಡಾಲರುಗಳಿಗೆ ಮಾರಾಟವಾಯಿತು. ಅದು ಇಂಗ್ಲೆಂಡಿನ 'ಬೀಟಲ್ಸ್' ಎಂಬ ರಾಕ್ ಸಂಗೀತ ತಂಡದವರು ೧೯೬೭ರಲ್ಲಿ ಹೊರತಂದ 'ಸಾರ್ಜೆಂಟ್ ಪೆಪ್ಪರ್' ತಟ್ಟೆಯದು. ಹರಾಜಿಗೆ ಮುನ್ನ ಅಂದಾಜು ಮಾಡಿದ್ದ ಬೆಲೆ ೩೦,೦೦೦ ಡಾಲರು ಮಾತ್ರ. ಆ ತಟ್ಟೆ ಲಕ್ಷಗಟ್ಟಲೆ ಅಚ್ಚಾದದ್ದು. ಅದರಲ್ಲಿ ಅಪೂರ್ವತೆಯೇನೂ ಇಲ್ಲ. ಬೆಲೆಯೆಲ್ಲವೂ ಅದರ ಮೇಲಿದ್ದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ನಾಲ್ವರ ರುಜುಗಳದು. ತೂಗಿ ನೋಡಿದರೆ ಆ ಮಸಿ ಕೆಲವು ಮಿಲಿಗ್ರಾಮುಗಳನ್ನು ಮೀರಲಾರದು. ಇಷ್ಟು ತುಟ್ಟಿಯಾದ ಪದಾರ್ಥ ನಮ್ಮ ಪ್ರಯೋಗಶಾಲೆಗಳಲ್ಲಿಯೂ ವಿರಳವೇ.

ಬೆಲೆ ಹೀಗಿರುವಾಗ ಖೋಟಾ ರುಜುಗಳು ಹುಟ್ಟಿಕೊಳ್ಳುವುದು ಸಹಜ. ಆದರೆ ಬೀಟಲ್ಸ್ ತಂಡದ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದದ್ದು. ೧೯೬೩-೬೪ರಲ್ಲಿ ಅವರ ಕಚೇರಿ ನಡೆಯುವ ಸಭಾಂಗಣಗಳ ಹಿಂಬಾಗಿಲಿನಲ್ಲಿ ನೂರಾರು ಮಂದಿ ಬಾಲಕ ಬಾಲಕಿಯರು ರುಜುಪುಸ್ತಕಗಳನ್ನು ಹಿಡಿದು ಕಾಯುತ್ತಿದ್ದರು. ತಂಡದ ಸಹಾಯಕರಾಗಿದ್ದ ನೀಲ್ ಆಸ್ಪಿನಾಲ್ ಮತ್ತು ಮ್ಯಾಲ್ ಇವಾನ್ಸ್ ಪುಸ್ತಕಗಳನ್ನು ಒಳಗೊಯ್ದು, ಎಷ್ಟೋ ಸಲ ನಾಲ್ವರ ಹೆಸರನ್ನೂ ತಾವೇ ಬರೆದು ಹಿಂತಿರುಗಿಸುತ್ತಿದ್ದರು. ಗಾಯಕರು ಸಹ ಒಬ್ಬರಿಗಾಗಿ ಇನ್ನೊಬ್ಬರು ರುಜು ಹಾಕಿದ್ದುಂಟು. ಅಂದು ಹದಿನಾಲ್ಕು ವರುಷದ ಹುಡುಗಿಯಾಗಿದ್ದವಳು ಇಂದು ಆ ಪುಟವನ್ನು ಮುಂದಿಟ್ಟು, "ಆ ರಾತ್ರಿ ನಾನೇ ಬಾಗಿಲಲ್ಲಿ ನಿಂತು ಪಡೆದದ್ದು" ಎಂದರೆ ಆಕೆ ಹೇಳುವುದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಕಾಗದವೂ ಅಂದಿನದೇ, ಮಸಿಯೂ ಅಂದಿನದೇ. ರುಜು ಮಾತ್ರ ಅವರದಲ್ಲ!

ಮೊದಲು ಮೋಸದ ಮಾತನ್ನೇ ನೋಡೋಣ. ಖೋಟಾಗಾರನು ಅಸಲನ್ನು ಎದುರಿಗಿಟ್ಟುಕೊಂಡು ರೇಖೆಯಿಂದ ರೇಖೆಗೆ ನಿಧಾನವಾಗಿ ಸಾಗುತ್ತಾನೆ. ಸ್ವಂತ ರುಜುವಾದರೋ ಅಭ್ಯಾಸಬಲದಿಂದ ಹರಿಯುತ್ತದೆ. ಅಲ್ಲಿ ಕೈ ಕಣ್ಣಿನ ಅಪ್ಪಣೆಗೆ ಕಾಯುವುದಿಲ್ಲ. ಇಲ್ಲಿ ಒಂದು ಸ್ವಾರಸ್ಯವಾದ ಲೆಕ್ಕವುಂಟು. ಕೈಯನ್ನು ಎಷ್ಟೇ ಸ್ಥಿರವಾಗಿ ಹಿಡಿದರೂ ಅದು ಸೆಕೆಂಡಿಗೆ ಸುಮಾರು ೧೦ ಸಲ ಅತಿ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆ. ರುಜು ಒಂದು ಸೆಕೆಂಡಿನಲ್ಲಿ ಮುಗಿದರೆ ಹತ್ತೇ ಕಂಪನಗಳು ಅದರ ಉದ್ದಕ್ಕೂ ಹರಡಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಅಷ್ಟೇ ಉದ್ದವನ್ನು ಆರು ಸೆಕೆಂಡುಗಳಲ್ಲಿ ಎಳೆದವನ ರೇಖೆಯಲ್ಲಿ ಅರವತ್ತು ಕಂಪನಗಳು ಇಡಿಕಿರಿದು, ಭೂತಗನ್ನಡಿಯ ಕೆಳಗೆ ಸಣ್ಣ ಗರಗಸದಂತೆ ತೋರುತ್ತವೆ. ವೇಗದ ರೇಖೆಯ ತುದಿ ಮೊನಚಾಗಿ ಸಣ್ಣಗಾಗುತ್ತದೆ. ನಿಧಾನದ ರೇಖೆಯ ತುದಿ ಮೊಂಡಾಗಿ ನಿಲ್ಲುತ್ತದೆ. ವಾಚಕರು ತಮ್ಮ ರುಜುವನ್ನೇ ಒಮ್ಮೆ ಸಹಜವಾಗಿ ಬರೆದು, ಅನಂತರ ಅದರ ಮೇಲೆ ತೆಳುಕಾಗದವಿಟ್ಟು ತಿದ್ದಿ, ಎರಡನ್ನೂ ಹೋಲಿಸಿ ನೋಡಬಹುದು. ಇದಕ್ಕೆ ತಗಲುವ ವೆಚ್ಚ ಒಂದು ಮಸೂರ ಮಾತ್ರ. ಅಚ್ಚಿನ ರುಜುವನ್ನು ಕಂಡುಹಿಡಿಯುವುದಂತೂ ಇನ್ನೂ ಸುಲಭ: ಬಾಲ್‌ಪಾಯಿಂಟು ಲೇಖನಿಯ ಗುಂಡು ಕಾಗದದಲ್ಲಿ ಸಣ್ಣ ಕಾಲುವೆಯನ್ನು ತೋಡುತ್ತದೆ, ಅಚ್ಚಿನಲ್ಲಿ ಆ ಕಾಲುವೆ ಇರುವುದಿಲ್ಲ.

ಮಸಿಯೂ ಬಾಯಿ ಬಿಡುತ್ತದೆ. ಬಾಲ್‌ಪಾಯಿಂಟಿನ ಅನೇಕ ಮಸಿಗಳಲ್ಲಿ ಫೀನಾಕ್ಸಿಎಥನಾಲ್ ಎಂಬ ದ್ರಾವಕವಿರುತ್ತದೆ. ಬರೆದ ಮೇಲೆ ಅದು ಮೆಲ್ಲಮೆಲ್ಲನೆ ಆವಿಯಾಗುತ್ತ ಹೋಗಿ, ಒಂದೆರಡು ವರುಷಗಳಲ್ಲಿ ಗಣನೀಯವಾದ ಬದಲಾವಣೆ ನಿಂತುಹೋಗುತ್ತದೆ. ೧೯೬೩ರದೆಂದು ಹೇಳುವ ರುಜುವಿನಿಂದ ಈಗಲೂ ಈ ದ್ರಾವಕ ಹೊರಡುತ್ತಿದ್ದರೆ ಮತ್ತೆ ವಾದಕ್ಕೆಡೆಯಿಲ್ಲ. ಆದರೆ ಈ ಪರೀಕ್ಷೆಗೆ ಮಸಿ ಹತ್ತಿದ ಕಾಗದದ ಚೂರನ್ನು ಕತ್ತರಿಸಬೇಕು. ಲಕ್ಷ ಬೆಲೆಯ ರುಜುವಿಗೆ ಕತ್ತರಿ ಹಾಕಲು ಒಪ್ಪುವ ಒಡೆಯನಾರು? ಕಾಗದವನ್ನಷ್ಟೇ ಪರೀಕ್ಷಿಸಿ ಸಮಾಧಾನಪಡುವುದು ನಮ್ಮ ಅಭಿಪ್ರಾಯದಲ್ಲಿ ನಿಷ್ಪ್ರಯೋಜಕ. ಹಳೆಯ ಪುಸ್ತಕದ ಖಾಲಿ ಹಾಳೆಯನ್ನು ಯಾರು ಬೇಕಾದರೂ ಹರಿದುಕೊಳ್ಳಬಹುದಷ್ಟೆ. ಜೊತೆಗೆ ಬರುವ ಪ್ರಮಾಣಪತ್ರಗಳ ಮೇಲೂ ನಮಗೆ ಹೆಚ್ಚಿನ ಭರವಸೆಯಿಲ್ಲ. ಮುಖ್ಯವಾಗಿ ಆಟಗಾರರ ರುಜುಗಳ ಖೋಟಾ ವ್ಯಾಪಾರವನ್ನು ಅಮೆರಿಕದ ಪೊಲೀಸರು ೧೯೯೯ರಲ್ಲಿ ಭೇದಿಸಿದಾಗ, ಖೋಟಾ ಮಾಲಿನೊಂದಿಗೆ ಪ್ರಮಾಣಪತ್ರಗಳೂ ಧಾರಾಳವಾಗಿ ಹೊರಟಿದ್ದುದು ತಿಳಿದುಬಂದಿತು.

ಕೆಲವೊಮ್ಮೆ ಯಾವ ಉಪಕರಣವೂ ಬೇಡ, ದಿನಚರಿ ಸಾಕು. ೧೯೬೪ರ ಜೂನ್ ೩ರಂದು ರಿಂಗೋ ಸ್ಟಾರ್ ಗಂಟಲಬೇನೆಯಿಂದ ಲಂಡನ್ನಿನ ಆಸ್ಪತ್ರೆ ಸೇರಿದನು. ಜಿಮ್ಮಿ ನಿಕೋಲ್ ಎಂಬಾತನು ಅವನ ಬದಲು ಡ್ರಮ್ ಬಾರಿಸುತ್ತ ತಂಡದೊಡನೆ ಹೋದನು. ರಿಂಗೋ ಮತ್ತೆ ಬಂದು ಸೇರಿದ್ದು ಜೂನ್ ೧೪ರಂದು, ಮೆಲ್ಬರ್ನಿನಲ್ಲಿ. ಆದುದರಿಂದ ಜೂನ್ ೧೨ರಂದು ಅಡಿಲೇಡಿನಲ್ಲಿ ನಾಲ್ವರೂ ಒಟ್ಟಿಗೆ ಕುಳಿತು ರುಜು ಹಾಕಿದರೆಂಬ ಕಥೆಯನ್ನು ಕೇಳುವ ಶ್ರಮವೇ ಬೇಡ.

ಇನ್ನು ಬೆಲೆಯ ವಿಚಾರ. ೧೯೬೬ರ ಆಗಸ್ಟಿನಲ್ಲಿ ತಂಡದವರು ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿದರು. ಆಮೇಲೆ ನಾಲ್ವರ ರುಜುಗಳೂ ಒಂದೇ ವಸ್ತುವಿನ ಮೇಲೆ ದೊರೆಯುವುದು ಕಷ್ಟವಾಯಿತು. ೧೯೬೭ರ ಹೊದಿಕೆಗೆ ಅಷ್ಟು ಬೆಲೆ ಬರಲು ಇದೊಂದು ಕಾರಣ. ಲೆನನ್ ೧೯೮೦ರಲ್ಲಿ, ಹ್ಯಾರಿಸನ್ ೨೦೦೧ರಲ್ಲಿ ತೀರಿಕೊಂಡ ಮೇಲೆ ಹೊಸ ನಾಲ್ಕರ ಗುಂಪು ಹುಟ್ಟುವಂತೆಯೇ ಇಲ್ಲ. ಇದ್ದುದನ್ನು ಬಿಸಿಲು ತಿನ್ನುತ್ತದೆ: ಮಸಿಯ ಬಣ್ಣದ ಅಣುಗಳನ್ನು ಅತಿನೇರಿಳೆ ಕಿರಣಗಳು ಒಡೆಯುತ್ತವೆ. ಹೆಮ್ಮೆಯಿಂದ ಕಿಟಕಿಯೆದುರು ತೂಗುಹಾಕಿದ ರುಜು ವರುಷ ವರುಷಕ್ಕೂ ಮಾಸುತ್ತದೆ.

ಹಿಂಬಾಗಿಲಿನ ಹುಡುಗಿಯ ಪುಟದ ಗತಿಯೇನು? ಆಸ್ಪಿನಾಲನದು ಅಳುಕಿಲ್ಲದ, ರೂಢಿಬಿದ್ದ ಕೈ. ಅಲ್ಲಿ ಕಂಪನದ ಪರೀಕ್ಷೆಯಾಗಲಿ ಮಸಿಯ ಪರೀಕ್ಷೆಯಾಗಲಿ ಏನನ್ನೂ ಹೇಳದು. ನಿಸ್ಸಂದೇಹವಾದ ಅಸಲುಗಳನ್ನು ಅದೇ ವರುಷದ್ದಾಗಿ ಆರಿಸಿಕೊಂಡು, ಅಕ್ಷರಗಳ ತಿರುವು, ಓರೆ, ಎತ್ತರಗಳ ಪ್ರಮಾಣ, ಲೇಖನಿ ಎತ್ತಿದ ಸ್ಥಳ ಇವುಗಳನ್ನು ಒಂದೊಂದಾಗಿ ಹೋಲಿಸಬೇಕು. ನಾಲ್ಕು ಹೆಸರುಗಳಲ್ಲಿಯೂ ಒಂದೇ ಕೈಯ ಚಾಳಿ ಕಂಡುಬಂದರೆ ಗುಟ್ಟು ರಟ್ಟಾಯಿತು. ಅಂತಹ ಪುಟಗಳನ್ನು ಹರಾಜಿನವರು "ಆಸ್ಪಿನಾಲ್ ಬರೆದದ್ದು" ಎಂದೇ ನಮೂದಿಸಿ, ಅಸಲಿನ ಬೆಲೆಯ ಸಣ್ಣದೊಂದು ಪಾಲಿಗೆ ಮಾರುವುದುಂಟು.