ಊರು ಕಟ್ಟುವ ವಿದ್ಯೆ

ಪದವಿ ಮುಗಿಸಿದ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ, ಮುಂದೇನು ಎಂಬ ಪ್ರಶ್ನೆ ರಾತ್ರಿ ಊಟದ ಹೊತ್ತಿಗೆ ಎದ್ದೇ ಏಳುತ್ತದೆ. ವೈದ್ಯಕೀಯ, ಬ್ಯಾಂಕು, ಮೇಷ್ಟರ ಕೆಲಸ, ಇವು ನಮಗೆಲ್ಲ ಗೊತ್ತಿರುವ ದಾರಿಗಳು. ಆದರೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗುಮಾಸ್ತರೊಬ್ಬರ ಮಗಳು, "ಅಪ್ಪಾ, ನಾನು ನಗರ ಯೋಜನೆಯಲ್ಲಿ ಎಂ. ಪ್ಲಾನ್ ಓದುತ್ತೇನೆ" ಎಂದಳೆನ್ನಿ. "ಊರು ತಾನಾಗಿ ಬೆಳೆಯುತ್ತದಮ್ಮಾ, ಅದಕ್ಕೂ ಒಂದು ಓದೆ?" ಎಂದು ಅವರು ಕೇಳಿದರೆ ತಪ್ಪೇನೂ ಇಲ್ಲ. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಊರು ತಾನಾಗಿ ಬೆಳೆಯುತ್ತದೆ ಎಂಬುದೇನೋ ನಿಜವೇ. ಮಳೆ ಕಡಿಮೆಯಾದ ಸೀಮೆಯಲ್ಲಿ ಕಡಲೆಕಾಯಿಯನ್ನು ನಂಬಿ, ಗಾಣದಿಂದ ಮಿಲ್ಲಿಗೆ ಬಂದು, ಚಳ್ಳಕೆರೆ ಎಣ್ಣೆಯ ಊರೆಂದು ಹೆಸರಾಯಿತು. 2011ರ ಜನಗಣತಿಯ ವೇಳೆಗೆ ಇಲ್ಲಿಯ ಜನ ಐವತ್ತೈದು ಸಾವಿರದಷ್ಟಾದರು. ಊರಂಚಿನಲ್ಲಿ ಕಟ್ಟಿದ ಮಿಲ್ಲು ಇಪ್ಪತ್ತು ವರ್ಷ ಕಳೆದರೆ ಮನೆಗಳ ನಡುವೆ ನಿಂತಿರುತ್ತದೆ. ಲಾರಿಗಳು ಶಾಲೆಯ ಮುಂದೆಯೇ ಹಾಯಬೇಕಾಗುತ್ತದೆ. ಹೊಸ ಬಡಾವಣೆಗೆ ನಿವೇಶನ ಬರುತ್ತದೆ, ಚರಂಡಿ ಬರುವುದಿಲ್ಲ. ತಾನಾಗಿ ಬೆಳೆಯುವುದೆಂದರೆ ಇದೇ ಅಲ್ಲವೆ?

ಇದನ್ನು ಮೊದಲೇ ಕಾಣುವುದು ಹೇಗೆಂದು ಕಲಿಸುವುದೇ ನಗರ ಯೋಜನೆಯ ಸ್ನಾತಕೋತ್ತರ ವ್ಯಾಸಂಗ. ಅವಧಿ ಎರಡು ವರ್ಷ. ಪಾಠದ ಕೊಠಡಿಗಿಂತ ಬೀದಿಯಲ್ಲಿಯೇ ಕೆಲಸ ಹೆಚ್ಚು. ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಮನೆಮನೆ ನೋಡಿ ನಕ್ಷೆ ಬರೆಯಬೇಕು. ಇಪ್ಪತ್ತು ವರ್ಷಗಳ ಮೇಲೆ ಜನ ಎಷ್ಟಾಗುವರು, ಅವರಿಗೆ ನೀರೆಷ್ಟು ಬೇಕು, ಅದು ಎಲ್ಲಿಂದ ಬಂದೀತು ಎಂದು ಲೆಕ್ಕ ಹಾಕಬೇಕು. ಭೂಮಿಯ ಕಾನೂನು, ನಗರಸಭೆಯ ಆಯವ್ಯಯ, ವಸತಿ, ಸಂಚಾರ, ಇವೂ ಪಾಠದಲ್ಲಿ ಉಂಟು.

ಮೊದಲು ನೋಡು, ಆಮೇಲೆ ಯೋಜಿಸು ಎಂಬುದನ್ನು ಈ ವಿದ್ಯೆಗೆ ತಳಹದಿಯಾಗಿ ಹಾಕಿದವರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಪ್ರಮುಖರು. ಅವರು 1914ರಲ್ಲಿ ಭಾರತಕ್ಕೆ ಬಂದು ಊರೂರು ಕಾಲ್ನಡೆಯಲ್ಲಿ ಸುತ್ತಿದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಸ್ಥಳ, ಕಸುಬು, ಜನ, ಈ ಮೂರನ್ನೂ ಕೂಡಿಸಿ ನೋಡಬೇಕೆಂಬುದು ಅವರ ಮಾತಿನ ಸಾರ. ನಮ್ಮ ಮೈಸೂರು ಸಂಸ್ಥಾನವೇನೂ ಹಿಂದೆ ಬಿದ್ದಿರಲಿಲ್ಲ. ಮೈಸೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿದ್ದು 1903ರಲ್ಲಿ.

ಗೆಡ್ಡಿಸರ ಮಾತು ಪುಸ್ತಕದ ಮಾತೆನಿಸಿದರೆ ಮೊಳಕಾಲ್ಮುರಿಗೆ ಬನ್ನಿ. ರೇಷ್ಮೆ ಸೀರೆಯ ನೇಕಾರರ ಮನೆಯಲ್ಲಿ ಮಗ್ಗ ನಡುಮನೆಯಲ್ಲಿಯೇ ಇರುತ್ತದೆ. ಗುಂಡಿ ಮಗ್ಗವಾದರೆ ನೆಲವನ್ನೇ ತೋಡಿ ಕೂಡಿಸಬೇಕು. ಗಂಡ ನೇಯುವಾಗ ಹೆಂಡತಿ ಲಾಳಿಗೆ ಕಂಡಿಕೆ ಸುತ್ತುತ್ತಾಳೆ, ಒಲೆಯ ಮೇಲೆ ಅನ್ನವೂ ಬೇಯುತ್ತಿರುತ್ತದೆ. ಪಟ್ಟಣದ ಮಹಾಯೋಜನೆಯಲ್ಲಿ ಒಂದು ಜಾಗಕ್ಕೆ ಹಳದಿ ಬಣ್ಣ ಹಚ್ಚಿ "ವಾಸಕ್ಕೆ", ಇನ್ನೊಂದಕ್ಕೆ ನೇರಳೆ ಹಚ್ಚಿ "ಕೈಗಾರಿಕೆಗೆ" ಎಂದು ಬರೆಯುವುದು ರೂಢಿ. ಈ ಮನೆಗೆ ಯಾವ ಬಣ್ಣ? ಮಹಡಿಯ ಮೇಲೊಂದು ಚಿಕ್ಕ ಮನೆಯನ್ನು ಕೊಟ್ಟುಬಿಟ್ಟರೆ ಗುಂಡಿ ತೋಡುವುದೆಲ್ಲಿ? ಸೂರು ಸಿಕ್ಕಿತು, ಕಸುಬು ಹೋಯಿತು ಎಂದಾಗಬಾರದಷ್ಟೆ. ದಿಲ್ಲಿಯಲ್ಲಿ ಓದಿ ಬಂದವರಿಗಿಂತ ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗಿಗೆ ಇದು ಬೇಗ ಹೊಳೆಯುತ್ತದೆಂದು ನನ್ನ ಎಣಿಕೆ. ಅವಳೇ ದಿಲ್ಲಿಗೆ ಹೋಗಿ ಓದಿ ಬಂದರೆ ಇನ್ನೂ ಒಳ್ಳೆಯದು.

ಇನ್ನೊಂದು ಉದಾಹರಣೆ ನಾಯಕನಹಟ್ಟಿ ಹೋಬಳಿಯ ಕುದಾಪುರದ ಕಡೆಯದು. ಅಲ್ಲಿಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ದೊರೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರ ಎಕರೆಗೂ ಮಿಕ್ಕಿ ದೊರೆತು, ಅದರ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಲ್ಲಿನ ಮೇಲೆ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗಳಿಗೆ ಬೇಲಿ ಅಡ್ಡ ಬಂದಿತು. ವಿವಾದ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನೂ ಮುಟ್ಟಿತು. ಗೋಮಾಳವನ್ನು "ಖಾಲಿ ಜಮೀನು" ಎಂದು ಬರೆಯುವ ಮೊದಲು ಅಲ್ಲಿ ಯಾರ ಕುರಿ ಮೇಯುತ್ತದೆ ಎಂದು ವಿಚಾರಿಸುವುದೂ ಈ ವಿದ್ಯೆಯ ಪಾಠವೇ.

ಇನ್ನು ಪ್ರವೇಶದ ಸಂಗತಿ. ಸಿವಿಲ್ ಇಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ಯೋಜನಾ ಪದವಿ ಪಡೆದವರು ನೇರವಾಗಿ ಸೇರಬಹುದು. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಎಂ.ಎ. ಆದವರಿಗೂ ಹಲವು ಕಡೆ ಬಾಗಿಲು ತೆರೆದಿದೆ. ಇದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದ ವಿಷಯ. ದಿಲ್ಲಿಯ ಯೋಜನಾ ಮತ್ತು ವಾಸ್ತುಶಿಲ್ಪ ಶಾಲೆ, ಖರಗಪುರದ ಐ.ಐ.ಟಿ., ಇವು ಹಳೆಯ ಹೆಸರುಗಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಈ ವಿಷಯದ ಬೋಧನೆ ಬೆಳೆದು ಬಂದಿದೆ. ದೊಡ್ಡ ಸಂಸ್ಥೆಗಳು ಗೇಟ್ ಪರೀಕ್ಷೆಯ ಅಂಕ ಕೇಳುತ್ತವೆ.

ಕೆಲಸ ಸಿಕ್ಕೀತೆ ಎಂಬ ತಂದೆಯ ಚಿಂತೆಗೆ ಸುಳ್ಳು ಸಮಾಧಾನ ಹೇಳಲಾರೆ. ನೀತಿ ಆಯೋಗವು 2021ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ರಾಜ್ಯ ಇಲಾಖೆಗಳಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ನಗರ ಯೋಜಕರು ಬೇಕು. ಮಂಜೂರಾದ ಹುದ್ದೆಗಳು ನಾಲ್ಕು ಸಾವಿರಕ್ಕಿಂತ ಕಡಿಮೆ. ಅವುಗಳಲ್ಲಿಯೂ ಶೇಕಡಾ ನಲವತ್ತಕ್ಕೂ ಹೆಚ್ಚು ಖಾಲಿ. ಇದಕ್ಕಿಂತ ವಿಚಿತ್ರವಾದುದು, ಅನೇಕ ರಾಜ್ಯಗಳಲ್ಲಿ ಆ ಹುದ್ದೆಗೆ ಯೋಜನೆಯ ಪದವಿಯೇ ಕಡ್ಡಾಯವಲ್ಲವೆಂಬುದು. ಹಲ್ಲಿನ ವೈದ್ಯರ ಹುದ್ದೆಗೆ ಹಲ್ಲಿನ ಓದು ಬೇಡವೆಂದ ಹಾಗಾಯಿತು! ಆದ್ದರಿಂದ ಸರ್ಕಾರಿ ಹುದ್ದೆಯೊಂದನ್ನೇ ನೆಚ್ಚಬಾರದು. ಸಲಹಾ ಸಂಸ್ಥೆಗಳು, ವಸತಿ ಮತ್ತು ಸಾರಿಗೆ ಸಂಸ್ಥೆಗಳು, ಸಂಶೋಧನೆ, ಇವೂ ಇವೆ.

ಮಗಳಿಗೆ ಈ ವಿಷಯ ಒಗ್ಗುತ್ತದೆಯೇ ಎಂದು ಮನೆಯಲ್ಲಿಯೇ ಪರೀಕ್ಷಿಸಬಹುದು. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಮಹಾಯೋಜನೆಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರು ಅರವತ್ತು ದಿನಗಳೊಳಗೆ ಅಭಿಪ್ರಾಯ ಸಲ್ಲಿಸಬಹುದು. ಅಂಥ ನಕ್ಷೆ ನೋಡಲು ಸಿಕ್ಕಾಗ ಅವಳನ್ನು ಜೊತೆಗೆ ಕರೆದೊಯ್ಯಿರಿ. ತಮ್ಮ ಬೀದಿಯನ್ನು ಹುಡುಕಿ, ಮಳೆನೀರು ಯಾವ ಕಡೆ ಹರಿಯುತ್ತದೆ, ನಕ್ಷೆಯಲ್ಲಿ ಅಲ್ಲೇನು ಬರೆದಿದೆ ಎಂದು ಅವಳನ್ನೇ ಕೇಳಿ ನೋಡಿ.