ನೊಣದ ಆಯುಷ್ಯವೂ ಸಕ್ಕರೆಯ ಹನಿಯೂ

ಮಿಠಾಯಿ ಅಂಗಡಿಯ ತಟ್ಟೆಗೆ ಮುತ್ತುವ ನೊಣವನ್ನು ಕಂಡಾಗ ನಮಗೆ ಉಂಟಾಗುವುದು ಜುಗುಪ್ಸೆಯೇ ಹೊರತು ಜಿಜ್ಞಾಸೆಯಲ್ಲ. ಆದರೆ ನೊಣಕ್ಕೆ ಸಿಹಿಯ ಮೇಲೆ ಅಷ್ಟು ಆಸೆಯೇಕೆ, ಅದು ದೊರೆಯದಿದ್ದರೆ ಏನಾಗುವುದು ಎಂಬ ಪ್ರಶ್ನೆಯಲ್ಲಿ ಒಂದು ನಾಡಿನ ಬೇಸಾಯಗಾರರ ಹಿತವೂ ಅಡಗಿದೆಯೆಂದರೆ ಶ್ರೋತೃಗಳು ಆಶ್ಚರ್ಯಪಡಬಹುದು. ನಾವು ಈಗ ಹೇಳಹೊರಟಿರುವುದು ಮನೆಯ ನೊಣದ ಮಾತಲ್ಲ. ಇತರ ಕೀಟಗಳ ದೇಹದೊಳಗೆ ಬೆಳೆದು ಅವನ್ನು ಕೊಲ್ಲುವ ಪರೋಪಜೀವಿ ನೊಣಗಳ ಮಾತು. ಇವು ಎಲ್ಲೆಡೆಯೂ ನಮ್ಮ ವೈರಿಗಳಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣವು ರೇಷ್ಮೆಹುಳುವನ್ನು ಕೊಂದು ನಮ್ಮ ಸಾಕಣೆಗಾರರನ್ನು ಕಂಗೆಡಿಸಿತು. ಅಮೆರಿಕದ ದಕ್ಷಿಣ ಭಾಗದಲ್ಲಾದರೋ ಅದರ ದೂರದ ನಂಟನೊಂದನ್ನು ಜನರೇ ಬಯಸಿ ತರಿಸಿಕೊಂಡರು.

ಇದಕ್ಕೆ ಕಾರಣ ಒಂದು ಇರುವೆ. ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆಯು 1930ರ ದಶಕದಲ್ಲಿ ಅಲಬಾಮಾ ಸಂಸ್ಥಾನದ ಮೊಬೀಲ್ ರೇವಿನ ಮೂಲಕ ಒಳಹೊಕ್ಕು, ಹೊಲ ಹುಲ್ಲುಗಾವಲುಗಳಲ್ಲೆಲ್ಲ ಮಣ್ಣಿನ ಗುಡ್ಡೆಗಳನ್ನೆಬ್ಬಿಸಿ ಹಬ್ಬಿತು. ಕುಟುಕಿದರೆ ಉರಿ, ಮಾರನೆಯ ದಿನ ಗುಳ್ಳೆ; ಆ ವಿಷ ಒಗ್ಗದ ಕೆಲವರಿಗೆ ಪ್ರಾಣಾಪಾಯವೂ ಉಂಟು. ತವರಿನಲ್ಲಿ ಇದನ್ನು ಹತೋಟಿಯಲ್ಲಿಡುವ ಶತ್ರುಗಳಿವೆ. ಅವುಗಳಲ್ಲೊಂದಾದ ಸ್ಯೂಡಾಕ್ಟಿಯಾನ್ ಟ್ರೈಕಸ್ಪಿಸ್ ಎಂಬ ನೊಣವನ್ನು 1997ರಲ್ಲಿ ಫ್ಲಾರಿಡಾದಲ್ಲಿ ಬಿಡಲಾಯಿತು.

ಈ ನೊಣದ ಗಾತ್ರ ಹೆಚ್ಚು ಕಡಿಮೆ 1 ಮಿಲಿಮೀಟರು. ಹೆಣ್ಣು ಇರುವೆಯ ಮೇಲೆ ತೇಲಾಡುತ್ತಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಗಿ, ಅದರ ಎದೆಯೊಳಗೆ ಒಂದು ಮೊಟ್ಟೆಯನ್ನು ಚುಚ್ಚಿಬಿಡುತ್ತದೆ. ಮರಿಹುಳು ತಲೆಗೆ ಸರಿದು ಅಲ್ಲಿನ ಮಾಂಸವನ್ನು ತಿನ್ನುತ್ತದೆ. ಕೊನೆಗೆ ಇರುವೆಯ ತಲೆಯೇ ಕಳಚಿ ಬೀಳುತ್ತದೆ. ಆ ಬರಿದಾದ ತಲೆಯೇ ಹುಳುವಿಗೆ ಗೂಡು. ಭೀಕರವೆಂಬುದು ನಿಜ, ಆದರೂ ಮಿತವ್ಯಯದಲ್ಲಿ ಇದನ್ನು ಮೀರಿಸಿದ ಗೃಹಸ್ಥರನ್ನು ನಾವು ಕಂಡಿಲ್ಲ.

ಹೀಗೆ ವಾರಗಟ್ಟಲೆ ಸಿದ್ಧವಾಗಿ ಹೊರಬಂದ ನೊಣಕ್ಕೆ ಉಳಿದಿರುವುದು ಕೆಲವೇ ದಿನಗಳ ಬಾಳು. ಒಂದು ಎರಗಿಗೆ ಒಂದೇ ಮೊಟ್ಟೆಯಾದ್ದರಿಂದ, ದಿನ ಕಳೆದುಕೊಂಡಷ್ಟೂ ಸಂತಾನ ಕಡಿಮೆ. ಅಲಬಾಮಾದ ಆಬರ್ನ್ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ನೊಣಗಳಿಗೆ ಬದುಕಿರುವವರೆಗೂ ಸಕ್ಕರೆಯ ನೀರು, ಕೆಲವಕ್ಕೆ ಮೊದಲ ದಿನ ಮಾತ್ರ ಸಕ್ಕರೆ, ಕೆಲವಕ್ಕೆ ಬರಿಯ ನೀರು. ನಿತ್ಯವೂ ಸಕ್ಕರೆಯನ್ನುಂಡವೇ, ಗಂಡಾಗಲಿ ಹೆಣ್ಣಾಗಲಿ, ಹೆಚ್ಚು ದಿನ ಬದುಕಿದವು. ಮೊದಲ ದಿನದ ಔತಣದಿಂದ ಬಾಳೆಲ್ಲ ಸಾಗುವಂತಿರಲಿಲ್ಲ. ಸೆಕೆ ಹೆಚ್ಚಿದಂತೆ ಆಯುಷ್ಯ ಕುಗ್ಗುವುದೂ ಕಂಡುಬಂದಿತು.

ಏಕೆ ಹೀಗೆ? ಮನುಷ್ಯನು ಮಿತಿಮೀರಿ ಸಿಹಿ ತಿಂದರೆ ಅದು ಮೇದಸ್ಸಾಗಿ ಸೊಂಟದ ಸುತ್ತ ನಿಲ್ಲುವುದನ್ನು ನಾವೆಲ್ಲ ಬಲ್ಲೆವು. ಈ ನೊಣಕ್ಕೆ ಆ ಸೌಕರ್ಯವಿಲ್ಲ. ಉಂಡ ಸಕ್ಕರೆ ರಕ್ತದ ಶರ್ಕರವಾಗಿಯೂ ಗ್ಲೈಕೊಜನ್ ಆಗಿಯೂ ಕೂಡಿಕೊಳ್ಳುವುದೇ ಹೊರತು ಕೊಬ್ಬಾಗಿ ಮಾರ್ಪಡುವುದಿಲ್ಲ. ಪರೋಪಜೀವಿ ಕೀಟಗಳಲ್ಲಿ ಬಹುಪಾಲು ಇದೇ ಸ್ವಭಾವದವೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಮರಿಹುಳುವಾಗಿದ್ದಾಗ ಇನ್ನೊಂದು ಪ್ರಾಣಿಯ ಕೊಬ್ಬನ್ನು ಪುಕ್ಕಟೆಯಾಗಿ ಪಡೆದ ವಂಶವು ಅದನ್ನು ತಾನೇ ತಯಾರಿಸುವ ವಿದ್ಯೆಯನ್ನು ಕಾಲಕ್ರಮದಲ್ಲಿ ಕಳೆದುಕೊಂಡಿತು. ಹುಟ್ಟುವಾಗ ತಂದ ಕೊಬ್ಬು ತಿರುಗಿ ಕೂಡದ ಪಿತ್ರಾರ್ಜಿತ. ಸಕ್ಕರೆಯು ಅಂದಂದಿನ ಕೂಲಿ.

ಹೊಲದಲ್ಲಿ ಈ ಕೂಲಿ ನೊಣಕ್ಕೆ ದೊರೆಯುತ್ತಿದೆಯೆ? ಸಾಸಿವೆಕಾಳಿಗಿಂತಲೂ ಚಿಕ್ಕದಾದ ಪ್ರಾಣಿಯು ಏನು ಉಂಡಿತೆಂದು ತಿಳಿಯುವ ಬಗೆ ಹೇಗೆ? ಉಪಾಯ ಸರಳವಾದುದು. ನೊಣವನ್ನು ಹಿಡಿದು ಅರೆದು, ಗಂಧಕಾಮ್ಲದಲ್ಲಿ ಕರಗಿಸಿದ ಆಂಥ್ರೋನ್ ಎಂಬ ವಸ್ತುವನ್ನು ಬೆರೆಸಿ, ಕಾಯಿಸದೆ ಇಡುತ್ತಾರೆ. ನೊಣದ ಸ್ವಂತ ಶರ್ಕರಗಳು ತಣ್ಣಗಿರುವಾಗ ಬಣ್ಣ ಕೊಡುವುದಿಲ್ಲ. ಮಕರಂದದಲ್ಲಿರುವ ಹಣ್ಣುಸಕ್ಕರೆಯಾದರೆ ನೀಲಿ ಹಸಿರು ಬಣ್ಣ ಮೂಡುತ್ತದೆ. ಬಣ್ಣ ಮೂಡಿತೆಂದರೆ ನೊಣ ಉಂಡಿದೆಯೆಂದೇ ಅರ್ಥ.

ಹೂವಿನ ಮಕರಂದವಲ್ಲದೆ ಗಿಡಹೇನುಗಳು ಸುರಿಸುವ ಸಿಹಿಯಾದ ಅಂಟುದ್ರವವೂ ಈ ನೊಣದ ಬಾಳನ್ನು ಬೆಳೆಸುತ್ತದೆ. ಇಲ್ಲೊಂದು ತಮಾಷೆಯುಂಟು. ಆ ದ್ರವದ ಆಸೆಗಾಗಿ ಬೆಂಕಿ ಇರುವೆಗಳು ಗಿಡಹೇನುಗಳನ್ನು ದನಗಳಂತೆ ಕಾಯುತ್ತವೆ, ಅವುಗಳ ಶತ್ರುಗಳನ್ನು ಅಟ್ಟುತ್ತವೆ. ಇರುವೆಯು ಹೀಗೆ ಕಾಪಾಡಿದ ಹಿಂಡಿನಿಂದ ಎಲೆಯ ಮೇಲೆ ತೊಟ್ಟಿಕ್ಕಿದ ಹನಿಯನ್ನು ಹೀರಿದ ನೊಣವು, ಆ ಬಲದಿಂದಲೇ ಅದೇ ಇರುವೆಯ ತಲೆಯನ್ನು ಹುಡುಕಿಕೊಂಡು ಹಾರುತ್ತದೆ.